ಹೊಗೆಸೊಪ್ಪಿನ ನಿಕೋಟಿನ್: ಗುಣ, ಉಪಯೋಗ ಮತ್ತು ಎಚ್ಚರಿಕೆ



ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಕೀಳುವ ಕಾಲ ಮಳೆಗಾಲದಲ್ಲೇ ಬರುತ್ತದೆ. ಬೆಳಿಗ್ಗೆ ನೆನೆದ ಸೊಪ್ಪನ್ನು ಕಂಕುಳಲ್ಲಿ ಹೊತ್ತವರಿಗೆ ಸಂಜೆ ತಲೆಸುತ್ತು, ವಾಂತಿ ಆಗುವುದುಂಟು. 'ಬಿಸಿಲು ಬಡಿಯಿತು', 'ಪಿತ್ತವಾಯಿತು' ಎಂದು ಸುಮ್ಮನಾಗುತ್ತೇವೆ. ಬಹಳ ಸಲ ಇದಕ್ಕೆ ಕಾರಣ ನಿಕೋಟಿನ್.

ನಿಕೋಟಿನ್ ಅಮೈನ್ ಜಾತಿಗೆ ಸೇರಿದ ಸಾವಯವ ಪ್ರತ್ಯಾಮ್ಲ. ಇದನ್ನು 1828ರಲ್ಲಿ ಜರ್ಮನಿಯಲ್ಲಿ ಪೋಸೆಲ್ಟ್ ಮತ್ತು ರೈಮನ್ ಎಂಬುವರು ಎಲೆಯಿಂದ ಬೇರ್ಪಡಿಸಿದರು. ಶುದ್ಧ ರೂಪದಲ್ಲಿ ಇದು ಬಣ್ಣವಿಲ್ಲದ ಎಣ್ಣೆಯಂತಹ ದ್ರವ. ಗಾಳಿ ತಾಗಿದರೆ ಕಂದಾಗುತ್ತದೆ, ನೀರಿನಲ್ಲಿ ಸುಲಭವಾಗಿ ಬೆರೆಯುತ್ತದೆ. ಗಿಡದ ಬೇರಿನಲ್ಲಿ ತಯಾರಾಗಿ ಎಲೆಗೆ ಏರುತ್ತದೆ. ಎಲೆಯಲ್ಲಿ ಬಹುಪಾಲು ಆಮ್ಲಗಳೊಡನೆ ಕೂಡಿ ಲವಣದ ರೂಪದಲ್ಲಿರುತ್ತದೆ.

ಲವಣಕ್ಕೆ ಸುಣ್ಣ ಅಥವಾ ಸೋಪಿನಂತಹ ಕ್ಷಾರ ಸೇರಿದರೆ ನಿಕೋಟಿನ್ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ನಿಕೋಟಿನ್ ಚರ್ಮ ಮತ್ತು ಬಾಯಿಯ ಒಳಪೊರೆಯನ್ನು ಬೇಗ ದಾಟುತ್ತದೆ. ಹೊಗೆಸೊಪ್ಪಿಗೆ ಸುಣ್ಣ ತೀಡಿ ಜಗಿದರೆ ತಲೆಗೇರುವುದು ಇದರಿಂದಲೇ. ಹೊಗೆಸೊಪ್ಪಿನ ಕಷಾಯಕ್ಕೆ ಸೋಪು ಬೆರೆಸಿ ಹೇನುಗಳಂತಹ ಮೆದು ಮೈಯ ಕೀಟಗಳಿಗೆ ಸಿಂಪಡಿಸುತ್ತಿದ್ದುದರ ಗುಟ್ಟೂ ಇದೇ. ಹಿಂದೆ ಶೇ. 40ರ ನಿಕೋಟಿನ್ ಸಲ್ಫೇಟ್ ಕೀಟನಾಶಕವಾಗಿ ಬಳಕೆಯಲ್ಲಿತ್ತು. ಮನುಷ್ಯರಿಗೂ ತೀವ್ರ ವಿಷವಾದ ಅದರ ಬಳಕೆ ಈಗ ನಮ್ಮ ದೇಶದಲ್ಲಿ ನಿಷಿದ್ಧ. ಮನೆಯಲ್ಲಿ ಕಾಯಿಸಿದ ಕಷಾಯವನ್ನೂ 'ಗಿಡದ ಔಷಧ' ಎಂದು ಹಗುರವಾಗಿ ಕಾಣಬಾರದು. ಟೊಮೇಟೊ, ಮೆಣಸಿನಕಾಯಿಗಂತೂ ಹೊಡೆಯಲೇಬಾರದು, ಹೊಗೆಸೊಪ್ಪಿನ ಮೊಸಾಯಿಕ್ ನಂಜುರೋಗ ಅವುಗಳಿಗೂ ಹರಡುತ್ತದೆ.

ಇನ್ನು ಸೊಪ್ಪು ಕೀಳುವವರ ವಿಚಾರ. ಎಲೆಯ ಮೇಲಿನ ಇಬ್ಬನಿ, ಮಳೆನೀರಿನಲ್ಲಿ ನಿಕೋಟಿನ್ ಕರಗಿ, ಒದ್ದೆ ಬಟ್ಟೆಯ ಮೂಲಕ ಮೈಗೆ ಇಳಿಯುತ್ತದೆ. ಗಾಯವಿದ್ದರೆ ಇನ್ನೂ ಬೇಗ. ದಿನವೂ ಬೀಡಿ ಸೇದುವ, ಹೊಗೆಸೊಪ್ಪು ಜಗಿಯುವ ಆಳಿಗೆ ಮೈ ಒಗ್ಗಿರುವುದರಿಂದ ತೊಂದರೆ ಅಷ್ಟಾಗಿ ಕಾಣದು. 'ಅವನಿಗೇನೂ ಆಗಲಿಲ್ಲವಲ್ಲ' ಎಂದು ಹೊಸಬರನ್ನು ಒತ್ತಾಯಿಸುವುದು ಸರಿಯಲ್ಲ.

ಪಾಲಿಸಬೇಕಾದ ಕ್ರಮಗಳು:

1. ಇಬ್ಬನಿ, ಮಳೆನೀರು ಆರಿದ ಮೇಲೆ ಸೊಪ್ಪು ಕೀಳಿರಿ.
2. ನೀರು ಇಳಿಯದ ಕೈಗವಸು, ತುಂಬುತೋಳಿನ ಅಂಗಿ ಧರಿಸಿರಿ. ಎದೆ, ಕಂಕುಳಿಗೆ ಪ್ಲಾಸ್ಟಿಕ್ ಹೊದಿಕೆ ಇರಲಿ.
3. ಬಟ್ಟೆ ಒದ್ದೆಯಾದರೆ ಕೂಡಲೇ ಬದಲಾಯಿಸಿರಿ.
4. ಕೈ ತೊಳೆಯದೆ ಊಟ, ಎಲೆ ಅಡಿಕೆ ಬೇಡ.
5. ಮಕ್ಕಳನ್ನು, ಗರ್ಭಿಣಿಯರನ್ನು ಈ ಕೆಲಸಕ್ಕೆ ಹಚ್ಚಬೇಡಿರಿ.
6. ಕಷಾಯವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ಇಡಬೇಡಿರಿ.

ತಲೆಸುತ್ತು, ವಾಕರಿಕೆ, ಬೆವರು, ಜೊಲ್ಲು, ನಿಶ್ಶಕ್ತಿ ಕಂಡರೆ ಕೆಲಸ ನಿಲ್ಲಿಸಿ ನೆರಳಿಗೆ ಕರೆತನ್ನಿರಿ. ಒದ್ದೆ ಬಟ್ಟೆ ತೆಗೆದು, ಧಾರಾಳ ನೀರು ಮತ್ತು ಸೋಪಿನಿಂದ ಮೈ ತೊಳೆಯಿರಿ. ವಾಂತಿ ನಿಲ್ಲದಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಎಚ್ಚರ ತಪ್ಪಿದರೆ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಕೀಟನಾಶಕದ ವಿಷಬಾಧೆಯಲ್ಲೂ ಇಂಥವೇ ಲಕ್ಷಣಗಳು ಕಾಣುತ್ತವೆ, ಆದರೆ ಚಿಕಿತ್ಸೆ ಬೇರೆ. ಆದ್ದರಿಂದ 'ಹಸಿ ಹೊಗೆಸೊಪ್ಪು ಕೀಳುತ್ತಿದ್ದರು' ಎಂದು ವೈದ್ಯರಿಗೆ ಮರೆಯದೆ ತಿಳಿಸಿರಿ. ಹೊಲಕ್ಕೆ ಔಷಧಿ ಹೊಡೆದಿದ್ದರೆ ಅದರ ಹೆಸರನ್ನೂ ಹೇಳಿರಿ.

ಸೊಪ್ಪು ಒಂದೆರಡು ಗಂಟೆ ತಡವಾಗಿ ಬ್ಯಾರನ್ ಸೇರಿದರೆ ದೊಡ್ಡ ನಷ್ಟವಿಲ್ಲ. ಕೀಳುವವರ ಆರೋಗ್ಯ ಕೆಟ್ಟರೆ ಆ ನಷ್ಟವನ್ನು ಯಾವ ಬೆಲೆಯೂ ತುಂಬಲಾರದು.