ಹ್ಯಾಂಡ್‌ಪೋಸ್ಟಿನಿಂದ ಬಾವಲಿಗೆ: ಕಾರಿನ ಕಿಟಕಿಗೆ ಕಾಣುವುದು, ಕಾಣದಿರುವುದು



ಹ್ಯಾಂಡ್‌ಪೋಸ್ಟ್ ಎಂದರೆ ದಾರಿ ತೋರುವ ಕೈಯುಳ್ಳ ಕಂಬ. ದಕ್ಷಿಣ ಕನ್ನಡದವರು ಅದನ್ನೇ ಸೊಗಸಾಗಿ ಕೈಕಂಬವೆಂದು ಕರೆದು ಊರುಗಳಿಗೂ ಆ ಹೆಸರನ್ನಿಟ್ಟುಕೊಂಡರು. ಮೂಡಿಗೆರೆಯ ಬಳಿಯಲ್ಲಿಯೂ ಹೆಗ್ಗಡದೇವನಕೋಟೆಯ ಬಳಿಯಲ್ಲಿಯೂ ಇಂಗ್ಲಿಷ್ ಹೆಸರೇ ನಿಂತುಬಿಟ್ಟಿತು. ಮೈಸೂರಿನಿಂದ ಸುಮಾರು 50 ಕಿ.ಮೀ. ದೂರದ ಕೋಟೆಯ ಹ್ಯಾಂಡ್‌ಪೋಸ್ಟಿನಲ್ಲಿ ರಜೆಯ ದಿನ ಬೆಳಿಗ್ಗೆ ಕಾರುಗಳು ಸಾಲುಗಟ್ಟುತ್ತವೆ. ಮುಂದೆ ತಂದೆತಾಯಿ, ಹಿಂದೆ ಅಜ್ಜಿ ಹಾಗೂ ಮಕ್ಕಳು. ಅಂತರಸಂತೆ, ಕಾಕನಕೋಟೆ, ಬಳ್ಳೆ, ಬಾವಲಿ ಮಾರ್ಗವಾಗಿ ವಯನಾಡಿನ ಬೆಟ್ಟಗಳಿಗೆ ಹೊರಟ ಸಂಸಾರಗಳು. ಇಂಥ ಪ್ರವಾಸವನ್ನು ಹಳಿಯುವುದು ಈ ಮಾತಿನ ಉದ್ದೇಶವಲ್ಲ. ಆ ಕಿಟಕಿಯಿಂದ ಏನು ಕಾಣುತ್ತದೆ, ಏಕೆ ಹಾಗೆ ಕಾಣುತ್ತದೆ ಎಂಬುದಷ್ಟೇ ವಿಷಯ.

ಮೊದಲು ಸಿಗುವುದು ಹೊಲಗಳ ಹಸಿರು. ಮಳೆಗಾಲದಲ್ಲಿ ಈ ಸೀಮೆ ಕಣ್ಣು ತಣಿಸುವಷ್ಟು ಹಸಿರಾಗಿರುತ್ತದೆ. ಆದರೆ ಅದರಲ್ಲಿ ದೊಡ್ಡ ಪಾಲು ಹೊಗೆಸೊಪ್ಪು, ಹತ್ತಿ ಮತ್ತು ಶುಂಠಿಯದು. ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದ ಮಾಡುವಾಗ ಒಂದು ಕಿಲೋ ಒಣ ಎಲೆಗೆ ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳ ಬ್ಯಾರನ್ನುಗಳೆಲ್ಲ ಒಟ್ಟಿಗೆ ಹೊತ್ತಿಕೊಂಡಾಗ ಆ ಸೌದೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಕಾಡಿನ ಅಂಚಿಗೇ ಹೋಗಿ ನಿಲ್ಲುತ್ತದೆ. ಶುಂಠಿಯ ಕತೆ ಬೇರೆ. ಗುತ್ತಿಗೆಗೆ ಹಿಡಿದ ಭೂಮಿಯಲ್ಲಿ, ಹೆಚ್ಚಾಗಿ ವಯನಾಡಿನ ಕಡೆಯಿಂದ ಬಂದ ಬೆಳೆಗಾರರ ಬಂಡವಾಳದಿಂದ, ಅದು ಇಲ್ಲಿ ಹಬ್ಬಿತು. ಗಡ್ಡೆಕೊಳೆ ರೋಗದ ರೋಗಾಣು ಮಣ್ಣಿನಲ್ಲಿಯೇ ಉಳಿಯುವುದರಿಂದ ಅದೇ ಹೊಲದಲ್ಲಿ ಮರುವರ್ಷ ಶುಂಠಿ ಹಾಕುವಂತಿಲ್ಲ. ಗುತ್ತಿಗೆದಾರ ಹೊಸ ಹೊಲ ಹುಡುಕುತ್ತಾನೆ. ಔಷಧಿ ಕುಡಿದ ಮಣ್ಣು ಮಾತ್ರ ಹೊಲದೊಡೆಯನ ಪಾಲಿಗೆ.

ಅಂತರಸಂತೆ ದಾಟಿದರೆ ಕಾಡು. ಇದು 1988ರಲ್ಲಿ ರಾಷ್ಟ್ರೀಯ ಉದ್ಯಾನವೂ 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆದ ನಾಗರಹೊಳೆಯ ದಕ್ಷಿಣ ಭಾಗ. ರಸ್ತೆಯ ಬದಿಯಲ್ಲೇ ಜಿಂಕೆಯ ಹಿಂಡು ಕಂಡು ಮಕ್ಕಳು ಕೇಕೆ ಹಾಕುತ್ತಾರೆ. ‘ಎಷ್ಟೊಂದು ಪ್ರಾಣಿಗಳು!’ ಎನ್ನುತ್ತಾರೆ ಅಜ್ಜಿ. ವಾಹನ ಚಾಲಕರಿಗೆ ದೂರದವರೆಗೆ ಕಾಣಲೆಂದು ಅಂಚಿನ ಪೊದೆಗಳನ್ನು ಸವರಿದ ಪಟ್ಟಿಯಲ್ಲಿ ಎಳೆಹುಲ್ಲು ಚಿಗುರುತ್ತದೆ; ಜಿಂಕೆ ಬರುವುದು ಆ ಹುಲ್ಲಿಗೆ. ಹತ್ತು ಹೆಜ್ಜೆ ಒಳಗೆ ಹೋದರೆ ಹಲವೆಡೆ ಲಂಟಾನದ ಗೋಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದ ಈ ಪೊದೆಯ ಕೆಳಗೆ ಹುಲ್ಲು ಬೆಳೆಯುವುದು ಕಷ್ಟ. ಹೀಗೆ ಪ್ರಾಣಿಗಳನ್ನು ಅಪಾಯದ ಅಂಚಿಗೆ ಕರೆತರುವುದರಲ್ಲಿ ಕಳೆಗೂ ರಸ್ತೆಗೂ ಒಂದು ಒಳಒಪ್ಪಂದವಿದ್ದಂತೆ ತೋರುತ್ತದೆ.

ಬೇಸಿಗೆಯ ಪ್ರವಾಸಿಗಳಿಗೆ ಕಬಿನಿಯ ಹಿನ್ನೀರಿನಲ್ಲಿ ಆನೆಗಳ ಮಹಾಸಭೆ ಕಾಣಸಿಗುತ್ತದೆ. 1974ರಲ್ಲಿ ಮುಗಿದ ಅಣೆಕಟ್ಟೆ ಹಳ್ಳಿಗಳನ್ನೂ ಹೊಳೆದಂಡೆಯ ಕಾಡನ್ನೂ ಮುಳುಗಿಸಿತು. ಮಾರ್ಚಿನಿಂದ ಮೇವರೆಗೆ ನೀರು ಇಳಿದಾಗ ಆ ಮುಳುಗಿದ ನೆಲದ ಮೇಲೆಯೇ ಹುಲ್ಲು ಚಿಗುರುತ್ತದೆ, ಎಲೆಯುದುರಿದ ಸುತ್ತಲಿನ ಕಾಡುಗಳಿಂದ ಆನೆಗಳು ಇಳಿದುಬರುತ್ತವೆ. ಇದೇ ಸೀಮೆಯಲ್ಲಿ, ಕಾಕನಕೋಟೆಯಲ್ಲಿ, 1971ರವರೆಗೆ ಖೆಡ್ಡಾ ನಡೆದಿತ್ತು. ಬಳ್ಳೆಯ ಶಿಬಿರದಲ್ಲಿದ್ದ ಅರ್ಜುನ ಎಂಟು ಬಾರಿ ದಸರಾ ಅಂಬಾರಿ ಹೊತ್ತು, 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಮಡಿದ.

ಈಗ ವಿವಾದದ ಮಾತು. ಈ ರಸ್ತೆಯ ಕಾಡಿನ ಭಾಗದಲ್ಲಿ 2008ರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷಿದ್ಧ. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ನಿಷೇಧ ಜಾರಿಯಾಯಿತು. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಬಂಡೀಪುರಕ್ಕೆ ಬದಲಾಗಿ ತೋರಿಸಲಾದ ಮಾರ್ಗ ಹುಣಸೂರು, ಗೋಣಿಕೊಪ್ಪ, ಕುಟ್ಟದ್ದು. ಆ ಮಾರ್ಗವೂ ನಾಗರಹೊಳೆಯ ಅಂಚನ್ನೇ ಸವರಿಕೊಂಡು ಹೋಗುತ್ತದೆಂಬುದನ್ನು ಸಭೆ ಮರೆಯಬಾರದು. 2018ರ ಅಕ್ಟೋಬರ್‌ನಲ್ಲಿ ಮತ್ತಿಗೋಡು ಶಿಬಿರದ ಬಳಿ, ಇರುಳಿನಲ್ಲಿ, ರಂಗನೆಂಬ ಸಲಗ ಬಸ್ಸು ಬಡಿದು ಸತ್ತದ್ದು ಹುಣಸೂರು ಗೋಣಿಕೊಪ್ಪ ರಸ್ತೆಯಲ್ಲೇ. ಬೆಂಗಳೂರಿನ ಬನ್ನೇರುಘಟ್ಟದ ಕಡೆ ಉಪಟಳ ಕೊಟ್ಟಿತೆಂದು ಸೆರೆಹಿಡಿದು ಪಳಗಿಸಿದ ಆನೆ ಅದು. ಒಂದು ಕಾಡಿನ ಹೊರೆಯನ್ನು ಇನ್ನೊಂದರ ಹೆಗಲಿಗೆ ದಾಟಿಸುವುದನ್ನು ಪರ್ಯಾಯವೆಂದು ಕರೆಯುವುದು ಕಷ್ಟ.

ನಿಷೇಧದಿಂದ ತೊಂದರೆ ಇಲ್ಲವೆಂದು ಹೇಳುವುದೂ ಪ್ರಾಮಾಣಿಕವಾಗದು. ತರಕಾರಿ ಒಯ್ಯುವ ಲಾರಿಯವನಿಗೆ ಕಾಯುವ ಒಂದು ಇರುಳೆಂದರೆ ಬಾಡಿದ ಸರಕು. ಕಾಡೊಳಗಿನ ಹಾಡಿಗಳ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳಿಗೆ ಕತ್ತಲಾದ ಮೇಲೆ ಆಸ್ಪತ್ರೆ ದೂರವಾಗುತ್ತದೆ. ಹೆರಿಗೆ ನೋವಿನವಳನ್ನು ತರುವ ಜೀಪನ್ನೂ ವಯನಾಡಿನಿಂದ ತಡವಾಗಿ ಮರಳುವ ಮೋಜಿನ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲನೆಯದಕ್ಕೆ ಯಾವ ಹೊತ್ತಿನಲ್ಲಿಯೂ ಗೇಟು ತೆರೆಯಲೇಬೇಕು, ಎರಡನೆಯದು ಕಾಯಲಿ.

ಹಗಲಿನ ಸಂಚಾರಕ್ಕೂ ಕೆಲವು ಮಾತುಗಳಿವೆ. ಆನೆ ಕಂಡಿತೆಂದು ಕಾರು ನಿಲ್ಲಿಸಿ ಇಳಿಯುವುದು, ಕೋತಿಗೆ ಬಾಳೆಹಣ್ಣೆಸೆಯುವುದು, ಚಿಪ್ಸಿನ ಪೊಟ್ಟಣ ಹೊರಕ್ಕೆ ತೂರುವುದು ಇಂದಿಗೂ ನಿಂತಿಲ್ಲ. ಉಪ್ಪಿನ ವಾಸನೆಗೆ ಜಿಂಕೆ ಪ್ಲಾಸ್ಟಿಕ್ಕನ್ನೂ ನುಂಗುತ್ತದೆ. ಫೆಬ್ರವರಿಯ ಒಣ ತರಗೆಲೆಯ ಮೇಲೆ ಬಿದ್ದ ಒಂದು ಬೀಡಿ ತುಂಡು ಸಾಕು, ಬೆಂಕಿರೇಖೆಗಾಗಿ ದುಡಿದವರ ಶ್ರಮವೆಲ್ಲ ಬೂದಿ. ಇವನ್ನು ಹೇಳುವ ಫಲಕಗಳು ಕಾಡಿನ ಗೇಟಿನಲ್ಲಿವೆ. ಅಷ್ಟು ಹೊತ್ತಿಗೆ ಬುತ್ತಿ ಬಿಚ್ಚಿಯಾಗಿರುತ್ತದೆ. ಚಹಾಕ್ಕೆಂದು ಎಲ್ಲರೂ ಇಳಿಯುವ ಹ್ಯಾಂಡ್‌ಪೋಸ್ಟಿನಲ್ಲಿಯೇ, ಕನ್ನಡದಲ್ಲಿಯೂ ಮಲಯಾಳದಲ್ಲಿಯೂ, ಗೇಟು ಮುಚ್ಚುವ ಸಮಯದ ಸಮೇತ ಅವನ್ನು ಬರೆಸಬೇಕೆಂಬ ಬೇಡಿಕೆಯನ್ನು ಪಂಚಾಯಿತಿಗೂ ಅರಣ್ಯ ಇಲಾಖೆಗೂ ಕೊಡುವುದು ಈ ಸಭೆಯ ಮುಂದಿರುವ ಮೊದಲ ಕೆಲಸ.