ಸಾವಿನ ಹೆಸರಿನ ದ್ವೀಪದಲ್ಲಿ ಸಂತೋಷದ ಬಿಡಾರ



ವಿಹಾರಕ್ಕೆ ಹೋಗುವುದು ಎಂದೊಡನೆ ನಮ್ಮ ಕಣ್ಣ ಮುಂದೆ ಕೆಲವು ಚಿತ್ರಗಳು ಸುಳಿಯುತ್ತವೆ. ನೀಲಿ ಕಡಲು, ತೆಂಗಿನ ಸಾಲು, ದಂಡೆಯ ಮೇಲೊಂದು ಭವ್ಯವಾದ ಹೋಟೆಲು. ಜಾಹೀರಾತುಗಳು ನಮಗೆ ಇಂಥ ಚಿತ್ರಗಳನ್ನು ಸದಾ ತೋರಿಸುತ್ತಲೇ ಇರುತ್ತವೆ. ಆ ನೆಲದ ಮೇಲೆ ಹಿಂದೆ ಏನು ನಡೆದಿತ್ತು ಎಂಬುದು ಮಾತ್ರ ಚಿತ್ರದಲ್ಲಿ ಕಾಣುವುದಿಲ್ಲ. ಇಂದು ಅಂಥ ಒಂದು ದ್ವೀಪದ ಮತ್ತು ಅಲ್ಲಿನ ಒಂದು ಐಷಾರಾಮಿ ಹೋಟೆಲಿನ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ನಿಮ್ಮ ಭೂಪಟವನ್ನು ತೆರೆದು ನೋಡಿ. ಮಲಯ ಪರ್ಯಾಯ ದ್ವೀಪದ ದಕ್ಷಿಣ ತುದಿಯಲ್ಲಿ, ಭೂಮಧ್ಯರೇಖೆಯಿಂದ ಸುಮಾರು 137 ಕಿಲೋಮೀಟರ್ ಉತ್ತರಕ್ಕೆ ಸಿಂಗಪುರವಿದೆ. ಅದರ ದಕ್ಷಿಣ ದಂಡೆಗೆ ತೀರ ಸಮೀಪದಲ್ಲಿ, ಕಿರಿದಾದ ಒಂದು ಜಲಮಾರ್ಗದಾಚೆ, ಸುಮಾರು 5 ಚದರ ಕಿಲೋಮೀಟರ್ ವಿಸ್ತಾರದ ಪುಟ್ಟ ದ್ವೀಪವೊಂದಿದೆ. ಅದರ ಹೆಸರು ಸೆಂಟೋಸಾ. ಈ ಹೆಸರು ನಿಮಗೆ ಎಲ್ಲೋ ಕೇಳಿದಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನಾವು ದಿನವೂ ಆಡುವ ‘ಸಂತೋಷ’ ಎಂಬ ಮಾತೇ ಅದು. ಸಂಸ್ಕೃತದ ಈ ಪದ ಬಹು ಹಿಂದೆಯೇ ಕಡಲು ದಾಟಿ ಮಲಯ ಭಾಷೆಯನ್ನು ಸೇರಿತು. ಅಲ್ಲಿ ನೆಮ್ಮದಿ, ಶಾಂತಿ ಎಂಬ ಅರ್ಥವನ್ನು ಪಡೆಯಿತು. ಸಿಂಗಪುರ ಎಂಬ ಹೆಸರೂ ‘ಸಿಂಹಪುರ’ದಿಂದಲೇ ಬಂದದ್ದು. ವ್ಯಾಪಾರದ ಹಡಗುಗಳಲ್ಲಿ ಸರಕಿನ ಜೊತೆಗೆ ಮಾತುಗಳೂ ಪ್ರಯಾಣ ಮಾಡುತ್ತಿದ್ದವು ಎಂಬುದಕ್ಕೆ ಇವೆರಡೂ ಸಾಕ್ಷಿ.

ಆದರೆ ಸೆಂಟೋಸಾ ಎಂಬ ಹೆಸರಿಗೆ ಇನ್ನೂ 60 ವರ್ಷ ತುಂಬಿಲ್ಲ. ಅದಕ್ಕೂ ಮೊದಲು ಈ ದ್ವೀಪವನ್ನು ಪುಲಾವ್ ಬ್ಲಾಕಾಂಗ್ ಮಾಟಿ ಎಂದು ಕರೆಯುತ್ತಿದ್ದರು. ಮಲಯ ಭಾಷೆಯಲ್ಲಿ ಪುಲಾವ್ ಎಂದರೆ ದ್ವೀಪ, ಬ್ಲಾಕಾಂಗ್ ಎಂದರೆ ಹಿಂದೆ, ಮಾಟಿ ಎಂದರೆ ಸಾವು. ‘ಹಿಂದೆ ಸಾವಿರುವ ದ್ವೀಪ’ ಎಂದು ಬೇಕಾದರೆ ಅರ್ಥ ಮಾಡಿಕೊಳ್ಳಬಹುದು. ಕಡಲುಗಳ್ಳರ ಕಾಟದಿಂದ ಈ ಹೆಸರು ಬಂತೆಂದು ಕೆಲವರು, ರೋಗಗಳಿಂದ ಬಂತೆಂದು ಕೆಲವರು ಹೇಳುತ್ತಾರೆ.

ರೋಗದ ಮಾತು ಕೇವಲ ದಂತಕಥೆಯಲ್ಲ. 19ನೆಯ ಶತಮಾನದಲ್ಲಿ ಈ ದ್ವೀಪದ ಜ್ವರ ಎಷ್ಟು ಕುಖ್ಯಾತವಾಗಿತ್ತೆಂದರೆ, ಅದನ್ನು ‘ಬ್ಲಾಕಾಂಗ್ ಮಾಟಿ ಜ್ವರ’ ಎಂದೇ ಕರೆಯುತ್ತಿದ್ದರು. ಸಿಂಗಪುರದಲ್ಲಿದ್ದ ರಾಬರ್ಟ್ ಲಿಟಲ್ ಎಂಬ ವೈದ್ಯರು 1848ರಲ್ಲಿ ಇದರ ಬಗ್ಗೆ ಒಂದು ಪ್ರಬಂಧವನ್ನೇ ಬರೆದರು. ಇದಕ್ಕೆಲ್ಲ ಕಾರಣ ಹವಳದ ದಿಬ್ಬಗಳು ಎಂಬುದು ಅವರ ತೀರ್ಮಾನ. ಕೆಟ್ಟ ಗಾಳಿಯೇ ಜ್ವರದ ಮೂಲ ಎಂದು ಜಗತ್ತೆಲ್ಲ ನಂಬಿದ್ದ ಕಾಲ ಅದು. ನಿಜವಾದ ಅಪರಾಧಿ ಸೊಳ್ಳೆ ಎಂದು ತೋರಿಸಿಕೊಟ್ಟವರು ಭಾರತದಲ್ಲೇ ಹುಟ್ಟಿದ ರೊನಾಲ್ಡ್ ರಾಸ್. ಅವರು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗ, ತಮ್ಮ ಬಂಗಲೆಯ ಬಳಿಯಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಗಳು ಮರಿಯಾಗುತ್ತಿದ್ದುದನ್ನು ಗಮನಿಸಿದ್ದರು. ನಿಂತ ನೀರನ್ನು ತೆಗೆದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಅಂದೇ ಹೊಳೆದಿತ್ತು. 1897ರಲ್ಲಿ ಸಿಕಂದರಾಬಾದಿನಲ್ಲಿ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಈ ಅರಿವಿನ ಫಲ ಬ್ಲಾಕಾಂಗ್ ಮಾಟಿಗೂ ತಲುಪಿತು. ಜೌಗು ನೆಲದಲ್ಲಿ ಚರಂಡಿ ತೋಡಿ, ನಿಂತ ನೀರನ್ನು ಹರಿಯಬಿಟ್ಟರು. ಇಂದು ಹೋಟೆಲಿನ ಹುಲ್ಲುಹಾಸಿನ ಮೇಲೆ ಸಂಜೆ ನಿಶ್ಚಿಂತೆಯಿಂದ ಕುಳಿತುಕೊಳ್ಳುವ ಅತಿಥಿ ಈ ಚರಂಡಿಗಳಿಗೂ ಸ್ವಲ್ಪ ಋಣಿಯಾಗಿರಬೇಕು.

ಇಂಥ ಜ್ವರದ ದ್ವೀಪದಲ್ಲಿ ಬ್ರಿಟಿಷರಿಗೆ ಏನು ಕೆಲಸವಿತ್ತು? ಉತ್ತರ ಕಲ್ಲಿದ್ದಲಿನಲ್ಲಿದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಯೂರೋಪಿನಿಂದ ಪೂರ್ವ ದೇಶಗಳಿಗೆ ಹೋಗುವ ಹಬೆ ಹಡಗುಗಳ ಸಂಖ್ಯೆ ಹೆಚ್ಚಿತು. ಹಬೆ ಹಡಗಿಗೆ ಕಲ್ಲಿದ್ದಲೇ ಆಹಾರ. ದ್ವೀಪದ ಎದುರಿಗಿದ್ದ ಬಂದರಿನಲ್ಲಿ ಕಲ್ಲಿದ್ದಲಿನ ದೊಡ್ಡ ದಾಸ್ತಾನು ಇತ್ತು. ಶತ್ರುವಿನ ಹಡಗು ಬಂದು ಅದಕ್ಕೆ ಬೆಂಕಿಯಿಟ್ಟರೆ ಸಾಮ್ರಾಜ್ಯದ ಕೈಕಾಲು ಕಟ್ಟಿದಂತೆಯೇ. ಹೀಗಾಗಿ ಬಂದರಿನ ಬಾಗಿಲಲ್ಲಿದ್ದ ಈ ದ್ವೀಪದ ಗುಡ್ಡಗಳ ಮೇಲೆ ಸಿಲೋಸೊ, ಸೆರಾಪೋಂಗ್, ಕನಾಟ್ ಮುಂತಾದ ಕೋಟೆಗಳು ಎದ್ದವು. ಕೋಟೆಗಳ ಜೊತೆಗೆ ಸೈನಿಕರ ವಸತಿಗೃಹಗಳು, ಅಧಿಕಾರಿಗಳ ಬಂಗಲೆಗಳು ಬಂದವು. ಹಾಂಗ್‌ಕಾಂಗ್ ಮತ್ತು ಸಿಂಗಪುರಗಳ ರಕ್ಷಣೆಗೆಂದು ಇದ್ದ ಫಿರಂಗಿ ದಳದಲ್ಲಿ ಪಂಜಾಬಿನ ಸಿಖ್ಖರು, ಮುಸಲ್ಮಾನರು ದೊಡ್ಡ ಸಂಖ್ಯೆಯಲ್ಲಿದ್ದರು.

ಆ ಬಂಗಲೆಗಳು ಕಟ್ಟಿದ ರೀತಿಯನ್ನು ಗಮನಿಸಿ. ಎತ್ತರದ ಚಾವಣಿ, ಸುತ್ತಲೂ ಅಗಲವಾದ ಜಗಲಿ, ಮುಂಚಾಚಿದ ಸೂರು, ಗಾಳಿಯಾಡಲು ಸಾಲು ಸಾಲು ಬಾಗಿಲುಗಳು. ವರ್ಷವಿಡೀ ಒಂದೇ ಸಮನೆ ಸೆಕೆಯಿರುವ, ವರ್ಷಕ್ಕೆ ಸುಮಾರು 2,400 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ವಿದ್ಯುತ್ ಪಂಖವಿಲ್ಲದೆ ಬದುಕಲು ಕಂಡುಕೊಂಡ ಉಪಾಯ ಅದು. ಇಂದಿನ ಪ್ರವಾಸಿಗೆ ಅದೇ ಸೊಬಗಾಗಿ ಕಾಣುತ್ತದೆ.

ಈಗ 1942ಕ್ಕೆ ಬರೋಣ. ಜಪಾನಿನ ಸೈನ್ಯ ಕಡಲಿನಿಂದ ಬರಲಿಲ್ಲ. ಮಲಯದ ನೆಲದ ಮೇಲೆ ಉತ್ತರದಿಂದ ಇಳಿದು ಬಂತು. ಸಿಂಗಪುರದ ಫಿರಂಗಿಗಳು ಕಡಲ ಕಡೆಗೇ ಮುಖ ಮಾಡಿದ್ದವು, ತಿರುಗಿಸಲು ಆಗಲಿಲ್ಲ ಎಂಬ ಮಾತನ್ನು ನೀವು ಓದಿರಬಹುದು. ಅದು ಪೂರ್ತಿ ನಿಜವಲ್ಲ. ಹಲವು ಫಿರಂಗಿಗಳನ್ನು ನೆಲದ ಕಡೆಗೂ ತಿರುಗಿಸಿ ಹಾರಿಸಿದರು. ತೊಡಕಿದ್ದುದು ಗುಂಡಿನಲ್ಲಿ. ಕನಾಟ್ ಕೋಟೆಯಲ್ಲಿದ್ದ 9.2 ಅಂಗುಲದ ಫಿರಂಗಿಯ ಒಂದೊಂದು ಗುಂಡೂ ಸುಮಾರು 170 ಕಿಲೋಗ್ರಾಂ ತೂಗುತ್ತಿತ್ತು. ಆದರೆ ಅವುಗಳಲ್ಲಿ ಹೆಚ್ಚಿನವು ಹಡಗಿನ ಉಕ್ಕಿನ ಕವಚವನ್ನು ಭೇದಿಸಲೆಂದು ಮಾಡಿದವು. ಕಾಲಾಳುಗಳ ಮೇಲೆ ಅವುಗಳ ಪರಿಣಾಮ ಕಡಿಮೆ. ಫೆಬ್ರುವರಿ 15ರಂದು ಬ್ರಿಟಿಷ್ ಸೇನಾಪತಿ ಪರ್ಸಿವಲ್ ಶರಣಾದರು.

ಮುಂದಿನ ಕೆಲವೇ ದಿನಗಳಲ್ಲಿ ನಡೆದದ್ದು ಇನ್ನೂ ಘೋರ. ಜಪಾನಿ ಸೈನ್ಯ ತನಗೆ ವಿರೋಧಿಗಳೆಂದು ಸಂಶಯ ಬಂದ ಸಾವಿರಾರು ಚೀನೀ ಪುರುಷರನ್ನು ಹಿಡಿದು ಕೊಂದಿತು. ಇದನ್ನು ‘ಸೂಕ್ ಚಿಂಗ್’ ಹತ್ಯಾಕಾಂಡ ಎನ್ನುತ್ತಾರೆ. ಸತ್ತವರ ಲೆಕ್ಕದ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಜಪಾನೀಯರು ಹೇಳಿದ್ದು ಸುಮಾರು 5,000, ಚೀನೀ ಸಮುದಾಯದ ಅಂದಾಜು ಅದರ ಹಲವು ಪಟ್ಟು. ಕಡಲಿಗೆ ಒಯ್ದು ಕೊಂದವರ ದೇಹಗಳು ತೇಲಿಕೊಂಡು ಬ್ಲಾಕಾಂಗ್ ಮಾಟಿಯ ದಂಡೆಗೆ ಬಂದವು. ಅಲ್ಲಿ ಸೆರೆಯಾಗಿದ್ದ ಬ್ರಿಟಿಷ್ ಸೈನಿಕರು ಅವುಗಳನ್ನು ಹೂಳಿದರು. ದ್ವೀಪದ ಹಳೆಯ ಹೆಸರು ಆಗ ಅಕ್ಷರಶಃ ನಿಜವಾಯಿತು. ಇಂದು ಆ ಭಾಗದಲ್ಲಿ ಗಾಲ್ಫ್ ಮೈದಾನವಿದೆ. ನಡೆದುದನ್ನು ನೆನಪಿಸುವ ಒಂದು ಫಲಕವಿದೆ.

ಯುದ್ಧ ಮುಗಿದ ಮೇಲೆ ಮತ್ತೆ ಬ್ರಿಟಿಷರು ಬಂದರು. ಸಿಂಗಪುರ 1965ರಲ್ಲಿ ಸ್ವತಂತ್ರ ರಾಷ್ಟ್ರವಾಯಿತು. 1967ರಲ್ಲಿ ದ್ವೀಪ ಅದರ ಕೈಗೆ ಬಂತು. ಅಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ ಕಟ್ಟುವ ಯೋಚನೆಯೂ ಇತ್ತು. ಆರ್ಥಿಕ ಸಲಹೆಗಾರರಾಗಿದ್ದ ಡಚ್ಚರ ಆಲ್ಬರ್ಟ್ ವಿನ್ಸೆಮಿಯಸ್ ಮೊದಲಾದವರು ಅದನ್ನು ವಿಹಾರಕ್ಕೆಂದು ಉಳಿಸಿಕೊಳ್ಳುವಂತೆ ಒತ್ತಾಯಿಸಿದರು. ಸಾರ್ವಜನಿಕರಿಂದ ಸಲಹೆ ಪಡೆದು ‘ಸೆಂಟೋಸಾ’ ಎಂಬ ಹೆಸರಿಟ್ಟರು. 1972ರಲ್ಲಿ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು, 1974ರಲ್ಲಿ ತೂಗುತೊಟ್ಟಿಲ ದಾರಿ, 1992ರಲ್ಲಿ ವಾಹನಗಳ ಸೇತುವೆ ಬಂದವು. ದ್ವೀಪದ ಹಳ್ಳಿಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಜನ ಬೇರೆಡೆಗೆ ಹೋಗಬೇಕಾಯಿತು.

ಹೆಸರು ಬದಲಾದ ಮೇಲೂ ಇಲ್ಲಿ ಎಲ್ಲರಿಗೂ ಸಂತೋಷವೇ ಸಿಕ್ಕಿತು ಎನ್ನುವಂತಿಲ್ಲ. ಚಿಯಾ ಥೈ ಪೊ ಎಂಬ ವಿರೋಧ ಪಕ್ಷದ ಸಂಸತ್ ಸದಸ್ಯರನ್ನು 1966ರಲ್ಲಿ ವಿಚಾರಣೆಯಿಲ್ಲದೆ ಬಂಧಿಸಲಾಗಿತ್ತು. 23 ವರ್ಷಗಳ ಸೆರೆವಾಸದ ನಂತರ, 1989ರಲ್ಲಿ, ಅವರನ್ನು ಬಿಟ್ಟದ್ದು ಮನೆಗಲ್ಲ, ಸೆಂಟೋಸಾಕ್ಕೆ. 1992ರವರೆಗೆ ಅವರು ಅಲ್ಲಿನ ಒಂದು ಹಳೆಯ ಕಾವಲು ಕೋಣೆಯಲ್ಲಿ ವಾಸಿಸಿದರು. ಪ್ರವಾಸಿಗಳು ಸಂಜೆಯಾದರೆ ಊರಿಗೆ ಮರಳುತ್ತಿದ್ದರು. ಅವರಿಗೆ ರಾತ್ರಿ ದ್ವೀಪವನ್ನು ದಾಟುವ ಸ್ವಾತಂತ್ರ್ಯವಿರಲಿಲ್ಲ.

ಇನ್ನು ಹೋಟೆಲಿನ ಮಾತು. 2009ರಲ್ಲಿ ಕಪೆಲ್ಲಾ ಎಂಬ ಐಷಾರಾಮಿ ಹೋಟೆಲು ಇಲ್ಲಿ ತೆರೆಯಿತು. ವಿನ್ಯಾಸ ಬ್ರಿಟನ್ನಿನ ಹೆಸರಾಂತ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯದು. 1880ರ ದಶಕದಲ್ಲಿ ಸೈನ್ಯ ಕಟ್ಟಿಸಿದ್ದ ಎರಡು ಕಟ್ಟಡಗಳನ್ನು ಕೆಡವದೆ, ದುರಸ್ತಿ ಮಾಡಿ, ಅವುಗಳನ್ನೇ ಹೋಟೆಲಿನ ಮುಖವನ್ನಾಗಿ ಮಾಡಿದರು. ಕೊಠಡಿಗಳಿರುವ ಹೊಸ ಕಟ್ಟಡ ಅವುಗಳ ಹಿಂದೆ ಗುಡ್ಡದ ಇಳಿಜಾರಿನಲ್ಲಿ ಬಳುಕಿಕೊಂಡು ಹೋಗುತ್ತದೆ. 2018ರ ಜೂನ್ 12ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮತ್ತು ಉತ್ತರ ಕೊರಿಯಾದ ನಾಯಕ ಕಿಮ್ ಜೊಂಗ್ ಉನ್ ಕೈಕುಲುಕಿದ್ದು ಈ ಹೋಟೆಲಿನಲ್ಲೇ. ಆ ಎರಡು ದೇಶಗಳ ಅಧಿಕಾರಾರೂಢ ನಾಯಕರು ಮುಖಾಮುಖಿಯಾದದ್ದು ಅದೇ ಮೊದಲು. ಯುದ್ಧಕ್ಕೆಂದು ಕಟ್ಟಿದ ಗೋಡೆಗಳ ಬಳಿ ಶಾಂತಿಯ ಮಾತುಕತೆಗೆ ಮೇಜು ಹಾಕಿದ್ದು ಇತಿಹಾಸದ ಒಂದು ವಿಚಿತ್ರ.

ಮಿತ್ರರೇ, ಇದರಲ್ಲಿ ಮೆಚ್ಚಬೇಕಾದದ್ದಿದೆ. ಬಳಕೆಯಿಲ್ಲದ ಹಳೆಯ ಕಟ್ಟಡ ಉಷ್ಣವಲಯದಲ್ಲಿ ಬಹುಕಾಲ ನಿಲ್ಲುವುದಿಲ್ಲ. ಮಳೆ, ಗೆದ್ದಲು, ಆಲದ ಬೇರು ಇವು ಮೂರೂ ಸೇರಿ ಅದನ್ನು ಕೆಡವಿಬಿಡುತ್ತವೆ. ಅದಕ್ಕೊಂದು ಉಪಯೋಗ ಸಿಕ್ಕಿದರೆ ಕಾಪಾಡಲು ಹಣವೂ ಸಿಗುತ್ತದೆ, ಊರಿನವರಿಗೆ ಉದ್ಯೋಗವೂ ಸಿಗುತ್ತದೆ. ಆದರೆ ಗೋಡೆ ಉಳಿದ ಮಾತ್ರಕ್ಕೆ ಕಥೆ ಉಳಿಯಿತು ಎಂದು ಹೇಳಲಾಗದು. ಹಣ ತರುವ ನೆನಪಿಗೆ ಸುಣ್ಣಬಣ್ಣ ಬೇಗ ದೊರೆಯುತ್ತದೆ. ಅಧಿಕಾರಿಯ ಬಂಗಲೆ ಹೋಟೆಲಾಯಿತು. ಹಳ್ಳಿಗರ ಗುಡಿಸಲು ಉಳಿಯಲಿಲ್ಲ. ಜ್ವರದಿಂದ ಸತ್ತವರಿಗೆ, ದಂಡೆಗೆ ತೇಲಿಬಂದವರಿಗೆ ಕೊಠಡಿ ಬಾಡಿಗೆ ಕೊಡುವ ಶಕ್ತಿಯಿಲ್ಲ. ಅವರ ನೆನಪನ್ನು ವ್ಯಾಪಾರ ತಾನಾಗಿ ಕಾಪಾಡುತ್ತದೆ ಎಂದು ನಿರೀಕ್ಷಿಸುವಂತಿಲ್ಲ. ಅದು ಸಮಾಜದ ಕೆಲಸ, ಶಾಲೆಗಳ ಕೆಲಸ. ಸಿಲೋಸೊ ಕೋಟೆಯನ್ನು ಯುದ್ಧದ ವಸ್ತುಸಂಗ್ರಹಾಲಯವನ್ನಾಗಿ ಉಳಿಸಿಕೊಂಡಿರುವುದು ಆ ದೃಷ್ಟಿಯಿಂದ ಒಳ್ಳೆಯ ಕೆಲಸ.

ಇಂಥ ಹೋಟೆಲಿನಲ್ಲಿ ತಂಗುವ ಅನುಕೂಲ ನಮ್ಮಲ್ಲಿ ಬಹಳ ಮಂದಿಗೆ ಇಲ್ಲ. ಆದರೆ ಯಾವುದೇ ಪ್ರೇಕ್ಷಣೀಯ ಸ್ಥಳಕ್ಕೆ ಹೋದಾಗಲೂ ಮೂರು ಪ್ರಶ್ನೆಗಳನ್ನು ಕೇಳಲು ಹಣ ಬೇಕಾಗಿಲ್ಲ. ಈ ಸ್ಥಳಕ್ಕೆ ಹಿಂದೆ ಏನೆಂದು ಹೆಸರಿತ್ತು? ಇಲ್ಲಿ ಇದ್ದವರು ಯಾರು, ಅವರು ಎಲ್ಲಿಗೆ ಹೋದರು? ಇಲ್ಲಿ ಯಾವುದನ್ನು ಉಳಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ? ನಿಮ್ಮ ಮುಂದಿನ ಶಾಲಾ ಪ್ರವಾಸದಲ್ಲಿ ಈ ಮೂರನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಹೋಗಿ. ಉತ್ತರ ಕೊಡಬಲ್ಲ ಹಿರಿಯರು ಆ ಊರಿನಲ್ಲಿ ಖಂಡಿತ ಸಿಗುತ್ತಾರೆ. ಕೇಳಿ ತಿಳಿದು ಪಡುವ ಸಂತೋಷಕ್ಕೆ ತೂಕ ಹೆಚ್ಚು.