ಒಬ್ಬನೇ ನಡೆಸುವ ಕಂಪನಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿರೂಪಕರು ನನ್ನನ್ನು ಪರಿಚಯಿಸುವಾಗ "ಹುಬ್ಬಳ್ಳಿಯಲ್ಲಿ ಸ್ವಂತ ಕಂಪನಿ ಕಟ್ಟಿದ್ದಾರೆ" ಎಂದರು. ಕಂಪನಿ ಇರುವುದು ನಿಜ. ಅದರ ಮಾಲೀಕ, ಗುಮಾಸ್ತ, ಜವಾನ ಎಲ್ಲ ನಾನೇ. ಬಾಡಿಗೆ ಮನೆಯ ಹೊರಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಊರಿಗೆ ಬಂದಾಗಲೆಲ್ಲ ಹಿರಿಯರು ಕಟ್ಟೆಯ ಮೇಲೆ ಕೂರಿಸಿಕೊಂಡು, "ತಮ್ಮಾ, ನೀ ಮಾಡೋ ಕೆಲಸರ ಏನು?" ಎಂದು ಕೇಳುತ್ತಾರೆ. ಇವತ್ತು ಮೈಕು ಸಿಕ್ಕಿದೆ, ಹೇಳಿಬಿಡುತ್ತೇನೆ.

ಸಣ್ಣ ವ್ಯಾಪಾರಸ್ಥರು ತಮ್ಮ ಸರಕನ್ನು ಯಾರಿಗೆ ಮಾರಬೇಕು, ಅದಕ್ಕೆ ಏನು ಹೆಸರಿಡಬೇಕು, ಅದು ಹೇಗೆ ಕಾಣಬೇಕು ಎಂದು ಕೇಳಲು ಬರುತ್ತಾರೆ. ನಾನು ಸಲಹೆ ಕೊಡುತ್ತೇನೆ. ಆಮೇಲೆ ಲೇಬಲ್ಲು, ಪಾಕೀಟು, ಬೋರ್ಡು ಬರೆದುಕೊಡುತ್ತೇನೆ. ಬರೆದದ್ದು ಎಲ್ಲರಿಗೂ ಕಾಣುತ್ತದೆ. ಆದರೆ ನಾನು ಮಾರುವುದು ಅದಕ್ಕೂ ಮೊದಲು ಕೇಳುವ ಪ್ರಶ್ನೆಗಳನ್ನು.

ಮೂರು ವರ್ಷದ ಹಿಂದೆ ಬ್ಯಾಡಗಿ ಕಡೆಯ ಒಂದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಖಾರದ ಪುಡಿಗೆ ಲೇಬಲ್ ಬೇಕೆಂದು ಬಂದರು. ದೊಡ್ಡ ಬ್ರ್ಯಾಂಡಿನ ಒಂದು ಪಾಕೀಟು ಮುಂದಿಟ್ಟು, "ಇದರಂಗ ಮಾಡಿಕೊಡ್ರಿ" ಎಂದರು. ನಾನು ಪೆನ್ನು ಮುಟ್ಟಲಿಲ್ಲ. ಅವರು ಪುಡಿ ಕುಟ್ಟಿಸುವ ಜಾಗಕ್ಕೆ ಹೋಗಿ ಅರ್ಧ ದಿನ ಕುಳಿತು ಕೇಳಿದ್ದೇ ಕೇಳಿದ್ದು. ಕಾಯಿ ಡಬ್ಬಿಯೋ, ಕಡ್ಡಿಯೋ? ತೊಟ್ಟು ತೆಗೆಯುತ್ತೀರಾ? ಒಯ್ಯುವವರು ಯಾರು? ಒಮ್ಮೆ ಒಯ್ದವರು ಮತ್ತೆ ಯಾಕೆ ಬರಲಿಲ್ಲ? ಕಡೆಯ ಪ್ರಶ್ನೆಗೆ ಹಿರಿಯ ಅಕ್ಕ ಒಬ್ಬರು ಸಣ್ಣ ದನಿಯಲ್ಲಿ, "ಖಾರನ ಇಲ್ಲ ಅಂತಾರ್ರಿ" ಎಂದರು.

ನನ್ನ ಕೆಲಸ ಮುಕ್ಕಾಲು ಅಲ್ಲೇ ಮುಗಿಯಿತು. ಬಣ್ಣ ಹೆಚ್ಚು, ಖಾರ ಕಡಿಮೆ, ಇದೇ ಅಲ್ಲವೇ ಬ್ಯಾಡಗಿ ಕಾಯಿಯ ಗುಣ? 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಾಯಿ ಅದು. ನಮಗೆ ಗೊತ್ತು, ಬೆಂಗಳೂರಿನ ಗಿರಾಕಿಗೆ ಹೇಳಿದವರಿಲ್ಲ. ಅವರು ದೂರು ಎಂದುಕೊಂಡದ್ದನ್ನೇ ಪಾಕೀಟಿನ ಮೇಲೆ ದೊಡ್ಡದಾಗಿ ಬರೆದೆ: "ಬಣ್ಣಕ್ಕೆ ಬ್ಯಾಡಗಿ, ಖಾರ ಹದ." ಹೂವು, ಬಳ್ಳಿ ಏನೂ ಇಲ್ಲ. ಪುಡಿಯ ಬಣ್ಣ ಕಾಣುವಂತೆ ಒಂದು ಪಾರದರ್ಶಕ ಕಿಟಕಿ. ಉಳಿದದ್ದು ಕಾನೂನಿನ ಸಾಲುಗಳು: ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ತಿಂಗಳು, ವಿಳಾಸ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ. ಇಂಗ್ಲಿಷ್ ಅಕ್ಷರಕ್ಕೆ ಹೊಂದುವ ಅಳತೆಯಲ್ಲಿ ಕನ್ನಡದ ಸಾಲು ಜೋಡಿಸಿದರೆ ಮೇಲಿನ ಒತ್ತಕ್ಷರ ಕೆಳಗಿನ ತಲೆಕಟ್ಟಿಗೆ ಬಡಿಯುತ್ತದೆ. ಅದನ್ನು ನಾನು ಯಾವ ಸಾಫ್ಟ್‌ವೇರಿನಿಂದಲೂ ಕಲಿತದ್ದಲ್ಲ. ಈ ಶಾಲೆಯ ಕರಿಹಲಗೆಯ ಮೇಲೆ ನುಡಿಮುತ್ತು ಬರೆಸುವಾಗ ನಮ್ಮ ಡ್ರಾಯಿಂಗ್ ಸರ್ "ಒತ್ತಿಗೆ ಜಾಗ ಬಿಡೋ" ಎಂದು ಗದರಿದ್ದು ಇನ್ನೂ ಕಿವಿಯಲ್ಲಿದೆ.

ಬಿಲ್ಲು ಕೊಟ್ಟಾಗ ಆ ಅಕ್ಕಂದಿರು ಕೇಳಿದರು: "ಒಂದು ಚೀಟಿಗೆ ಇಷ್ಟು ರೊಕ್ಕ ಏನ್ರಿ?" ನ್ಯಾಯವಾದ ಪ್ರಶ್ನೆ. ಅವರಿಗೆ ಹಾಕಿ ತೋರಿಸಿದ ಲೆಕ್ಕವನ್ನೇ ಮಕ್ಕಳೇ, ನಿಮಗೂ ಹೇಳುತ್ತೇನೆ.

ವರ್ಷಕ್ಕೆ 365 ದಿನ. ಭಾನುವಾರ, ಹಬ್ಬ, ಜಾತ್ರೆ, ಮದುವೆ, ಜ್ವರ ಕಳೆದರೆ 280 ಉಳಿದೀತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಕೆಲಸ ಹುಡುಕಲು, ದರಪಟ್ಟಿ ಬರೆಯಲು, ಕೈಗೆ ಬಾರದ ಕೆಲಸಕ್ಕೆ ಓಡಾಡಲು, ಬಿಲ್ಲಿನ ಬೆನ್ನು ಹತ್ತಲು ಹೋಗುತ್ತದೆ. ನನ್ನ ಡೈರಿಯಲ್ಲಿ ರೊಕ್ಕ ಹುಟ್ಟಿದ ದಿನಗಳು 125 ದಾಟಿದ ವರ್ಷವೇ ಇಲ್ಲ. ಮನೆಗೆ ತಿಂಗಳಿಗೆ 40,000 ಬೇಕೆನ್ನಿ, ವರ್ಷಕ್ಕೆ 4,80,000. ಕೋಣೆಯ ಬಾಡಿಗೆ, ಕರೆಂಟು, ಸಾಫ್ಟ್‌ವೇರ್, ಪ್ರಯಾಣ, ಆರೋಗ್ಯ ವಿಮೆ ಸೇರಿ 1,45,000. ಒಟ್ಟು 6,25,000. ಅದನ್ನು 125ರಿಂದ ಭಾಗಿಸಿದರೆ ದಿನಕ್ಕೆ 5,000 ರೂಪಾಯಿ. 365ರಿಂದ ಭಾಗಿಸಿ ದಿನಕ್ಕೆ 1,700 ಸಾಕೆಂದು ಅಂಗಡಿ ತೆರೆದ ಹುಡುಗರನ್ನು ನೋಡಿದ್ದೇನೆ. ಕೈತುಂಬ ಕೆಲಸವಿತ್ತು, ಎರಡೇ ವರ್ಷದಲ್ಲಿ ಬಾಗಿಲು ಹಾಕಿದರು.

ಆ ಸಂಘಕ್ಕೆ ನಾಲ್ಕು ದಿನದ ಕೆಲಸ, 20,000. ಎರಡು ಕಂತಿನಲ್ಲಿ, ಹೇಳಿದ ದಿನಕ್ಕೇ ತಂದುಕೊಟ್ಟರು. ಅದಕ್ಕೂ ಮುಂಚಿನ ವರ್ಷ ಒಂದು ದೊಡ್ಡ ಕಂಪನಿ, ಹೆಸರು ಬೇಡ, ನನ್ನ 1,80,000 ರೂಪಾಯಿಯ ಬಿಲ್ಲನ್ನು ಎಂಟು ತಿಂಗಳು ಹಿಡಿದುಕೊಂಡು ಕೂತಿತ್ತು. ಅದೇ ಹೊತ್ತಿಗೆ ಅಪ್ಪನಿಗೆ ಹೃದಯದ ಆಪರೇಷನ್. ನೌಕರಿಯವನಿಗಾದರೆ ರಜೆಯಲ್ಲೂ ಸಂಬಳ ಬರುತ್ತದೆ. ನಾನು ಆಸ್ಪತ್ರೆಯ ವರಾಂಡದಲ್ಲಿ ಲ್ಯಾಪ್‌ಟಾಪ್ ತೆರೆದು ಬೇರೆಯವರ ಕೆಲಸ ಮುಗಿಸುತ್ತಿದ್ದೆ, ಅವ್ವ ಬಳೆ ಒತ್ತೆ ಇಟ್ಟು ಬಂದಳು.

ಆ ರೊಕ್ಕ ಬಂದದ್ದು ಹೇಗೆಂದು ಊರಿನವರಿಗೂ ಗೊತ್ತಿರಲಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಂತೆ ಸಣ್ಣ ಉದ್ಯಮಿಯ ಬಿಲ್ಲನ್ನು, ಒಪ್ಪಂದ ಏನೇ ಇರಲಿ, 45 ದಿನ ಮೀರಿಸುವಂತಿಲ್ಲ. ಮೀರಿಸಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನನ್ನ ಉದ್ಯಮ್ ನೋಂದಣಿ ಮೊದಲೇ ಆಗಿತ್ತು. ಅದರ ಸಂಖ್ಯೆ ಹಾಕಿ, ಬಡ್ಡಿಯ ಲೆಕ್ಕ ಬರೆದು, ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪತ್ರ ಕಳಿಸಿದೆ. ಹದಿನೇಳನೇ ದಿನ ಅಸಲು ಬಂತು. ಬಡ್ಡಿ ಇವತ್ತಿಗೂ ಬಂದಿಲ್ಲ. ಇಲ್ಲಿ ಟೇಲರಿಂಗ್, ವೆಲ್ಡಿಂಗ್, ರೊಟ್ಟಿ ಮಾಡುವವರು ಇದ್ದೀರಿ. ಆಧಾರ್, ಪ್ಯಾನ್ ಇದ್ದರೆ ಈ ನೋಂದಣಿ ಆನ್‌ಲೈನಿನಲ್ಲಿ ಪುಕ್ಕಟೆ ಆಗುತ್ತದೆ. ಏಜೆಂಟರ ಕೈಗೆ ಸಾವಿರ ರೂಪಾಯಿ ಕೊಡಬೇಡಿ.

ಚಿತ್ರ ಬರೆದು ಹೊಟ್ಟೆ ತುಂಬುತ್ತದೆಯೇ ಎಂದು ಬೆಳಿಗ್ಗೆ ಇಬ್ಬರು ತಂದೆಯರು ಕೇಳಿದರು. ತುಂಬುತ್ತದೆ, ಆದರೆ ಒಂದನೇ ತಾರೀಖಿಗೆ ಅಲ್ಲ. ನಾನು ಮೊದಲು ಆರು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದು, ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿಟ್ಟ ಮೇಲೆಯೇ ಹೊರಬಿದ್ದವನು. ಈಗ ಕಂಪ್ಯೂಟರೇ ಚಿತ್ರ ಬರೆಯುತ್ತದೆ ಎಂಬುದೂ ನಿಜ, ನಾನೂ ಬರೆಸುತ್ತೇನೆ. "ಖಾರನ ಇಲ್ಲ" ಎಂಬ ಮಾತನ್ನು ಆ ಅಕ್ಕನ ಬಾಯಿಂದ ಹೊರಡಿಸಲು ಮಾತ್ರ ಅಲ್ಲಿ ಹೋಗಿ ಕೂರಲೇಬೇಕು.

ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಕಟ್ಟಿದ ಮಕ್ಕಳು ಊಟದ ನಂತರ ಗ್ರಂಥಾಲಯದ ಕೋಣೆಗೆ ಬನ್ನಿ, ನಾನು ಸಂಜೆಯ ಬಸ್ಸಿನ ತನಕ ಅಲ್ಲೇ ಇರುತ್ತೇನೆ. ಚಿತ್ರ ತನ್ನಿ. ಜೊತೆಗೆ, ನಮ್ಮೂರಿನ ಯಾವುದಾದರೂ ಒಂದು ಅಂಗಡಿಯವರನ್ನು ಕೇಳಬೇಕಾದ ಐದು ಪ್ರಶ್ನೆ ಬರೆದುಕೊಂಡು ಬನ್ನಿ. ಮೊದಲು ಅದನ್ನೇ ನೋಡುತ್ತೇನೆ.